ಓರೆಯಾಗಿ ಇಳಿಯುವ ವಿಮಾನ ಹತೋಟಿ ತಪ್ಪಿದ್ದಲ್ಲ: ಸತ್ಯಾಂಶ

ಮೂತಿ ಓರೆ ಮಾಡಿಕೊಂಡು ರನ್‌ವೇಗೆ ಬರುವ ವಿಮಾನದ ವಿಡಿಯೊ, ‘ಗಾಳಿಗೆ ಸಿಕ್ಕು ಹತೋಟಿ ತಪ್ಪಿತು’ ಎಂಬ ಒಕ್ಕಣೆಯೊಂದಿಗೆ ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡುತ್ತದೆ. ಅದು ತಪ್ಪು. ಪೈಲಟ್ ಬೇಕೆಂದೇ ಮೂತಿಯನ್ನು ಪಕ್ಕದಿಂದ ಬೀಸುವ ಗಾಳಿಯತ್ತ ತಿರುಗಿಸಿರುತ್ತಾರೆ. ವಿಮಾನ ಸಾಗುವ ದಾರಿ ಮಾತ್ರ ರನ್‌ವೇಯ ನಡುಗೆರೆಯ ನೇರಕ್ಕೇ ಇರುತ್ತದೆ. ನೆಲ ಮುಟ್ಟುವ ಕೆಲವೇ ಕ್ಷಣ ಮೊದಲು ರಡ್ಡರ್ (ಬಾಲದ ಚುಕ್ಕಾಣಿ) ಪೆಡಲ್ ಒತ್ತಿ ಮೂತಿ ನೇರ ಮಾಡುತ್ತಾರೆ, ಗಾಳಿ ಬರುವ ಕಡೆಯ ರೆಕ್ಕೆ ಮೇಲೇಳದಂತೆ ತುಸು ತಗ್ಗಿಸಿ ಹಿಡಿಯುತ್ತಾರೆ. ಬೇಗ ನೇರ ಮಾಡಿದರೆ ಗಾಳಿ ವಿಮಾನವನ್ನು ಪಕ್ಕಕ್ಕೆ ತಳ್ಳುತ್ತದೆ, ತಡವಾದರೆ ಟೈರುಗಳ ಮೇಲೆ ಅಡ್ಡ ಒತ್ತಡ ಬೀಳುತ್ತದೆ.

ಉದಾಹರಣೆಗೆ, ಹುಬ್ಬಳ್ಳಿಯ ರನ್‌ವೇ 08/26, ಅಂದರೆ ದಿಕ್ಕು ಸುಮಾರು 80 ಮತ್ತು 260 ಡಿಗ್ರಿ, ಹೆಚ್ಚುಕಡಿಮೆ ಪೂರ್ವ-ಪಶ್ಚಿಮ. ಮುಂಗಾರಿನ ನೈಋತ್ಯ ಗಾಳಿ 230 ಡಿಗ್ರಿಯಿಂದ 20 ನಾಟ್ (ಗಂಟೆಗೆ ಸುಮಾರು 37 ಕಿ.ಮೀ.) ಬೀಸಿದರೂ 26ರಲ್ಲಿ, ಅಂದರೆ ಪಶ್ಚಿಮಕ್ಕೆ ಮುಖಮಾಡಿ, ಇಳಿಯುವವರಿಗೆ ಅಡ್ಡಗಾಳಿ 10 ನಾಟ್ ಮಾತ್ರ. ಉಳಿದದ್ದು ಬಹುಪಾಲು ಎದುರುಗಾಳಿ, ಅದು ವೇಗ ತಗ್ಗಿಸಲು ನೆರವೇ ಆಗುತ್ತದೆ. ಒಣ ರನ್‌ವೇಯಲ್ಲಿ ಎಟಿಆರ್-72 ಎಂಬ ಪ್ರೊಪೆಲ್ಲರ್ ವಿಮಾನ ಸುಮಾರು 35 ನಾಟ್ ಅಡ್ಡಗಾಳಿಯಲ್ಲಿ ಇಳಿದು ತೋರಿಸಿದೆ. ನೆಲ ತೊಯ್ದಿದ್ದರೆ ಮಿತಿ ಇಳಿಯುತ್ತದೆ.

ಕಾಟ ಕೊಡುವುದು ಹೆಚ್ಚಾಗಿ ಬಿಟ್ಟುಬಿಟ್ಟು ನುಗ್ಗುವ ಗಾಳಿ. ಆಗ ಪೈಲಟ್ ಇಳಿಯದೆ ಮತ್ತೆ ಮೇಲೇರುತ್ತಾರೆ. ಇದು ತರಬೇತಿಯಲ್ಲೇ ಕಲಿಸುವ ಕ್ರಮ. ಹುಬ್ಬಳ್ಳಿಯಲ್ಲಿರುವುದು ಒಂದೇ ರನ್‌ವೇ, ಹಾಗಾಗಿ ಹಿಂದಿನ ವಿಮಾನವೂ ಕಾಯಬೇಕು. ಇಂಧನ ನಿಗದಿತ ಮಟ್ಟಕ್ಕಿಳಿಯುವ ಮೊದಲೇ ಬೆಂಗಳೂರಿನಂಥ ಪರ್ಯಾಯ ನಿಲ್ದಾಣಕ್ಕೆ ಹೊರಡುತ್ತಾರೆ.