ಅಗ್ನಿಶಾಮಕರು ಐದು ವರ್ಷಕ್ಕೊಮ್ಮೆ ಮತ್ತೆ ಅಕಾಡೆಮಿಗೆ ಹೋಗಬೇಕೇ?

ಸೇವೆಗೆ ಸೇರುವಾಗ ಅಗ್ನಿಶಾಮಕರಿಗೆ ಒಂದು ಸಲ ಪೂರ್ತಿ ತರಬೇತಿ ಆಗುತ್ತದೆ. ಆಮೇಲೆ? ಅಗ್ನಿಶಾಮಕರಿಂದ ಹಿಡಿದು ಠಾಣಾಧಿಕಾರಿಗಳವರೆಗೆ ಎಲ್ಲರಿಗೂ ಐದು ವರ್ಷಕ್ಕೊಮ್ಮೆ ಅಕಾಡೆಮಿಯಲ್ಲಿ ಮರುತರಬೇತಿ ಕಡ್ಡಾಯ ಮಾಡಿ, ಪಾಸಾದವರಿಗೆ ಮಾತ್ರ ಬಡ್ತಿ ಕೊಡಬೇಕೇ? ಇಬ್ಬರನ್ನು ಕೇಳಿದೆವು.

ಪರ
ಕಾರ್ಖಾನೆಯೊಂದರ ಸುರಕ್ಷತಾ ಅಧಿಕಾರಿ, ಪೀಣ್ಯ

ಏಪ್ರಿಲ್ 14 ಬಂತೆಂದರೆ ನಮ್ಮ ಕಾರ್ಖಾನೆ ಗೇಟಿಗೆ ಅಗ್ನಿಶಾಮಕ ಸಪ್ತಾಹದ ಬ್ಯಾನರ್ ಕಟ್ಟುತ್ತೇವೆ. ಆ ದಿನವೇ ಯಾಕೆ ಅಂತ ಕೇಳುವವರು ಕಡಿಮೆ. 1944ರ ಏಪ್ರಿಲ್ 14ರಂದು ಮುಂಬೈ ಬಂದರಿನಲ್ಲಿ ಫೋರ್ಟ್ ಸ್ಟಿಕಿನ್ ಎಂಬ ಹಡಗು ಸ್ಫೋಟಿಸಿತು. ಅದರೊಳಗೆ ಹತ್ತಿ ಬೇಲುಗಳೂ ಇದ್ದವು, ಸ್ಫೋಟಕಗಳೂ ಇದ್ದವು. ಹಡಗಿಗೆ ನೀರು ಹೊಡೆಯುತ್ತಿದ್ದ 66 ಅಗ್ನಿಶಾಮಕರು ಸತ್ತರು. ಧೈರ್ಯ ಅವರಿಗೆ ಬೇಕಾದಷ್ಟು ಇತ್ತು. ಏನು ಉರಿಯುತ್ತಿದೆ, ಅದರ ಪಕ್ಕದಲ್ಲಿ ಏನಿದೆ, ಎಷ್ಟು ಹೊತ್ತಿಗೆ ಹಿಂದೆ ಸರಿಯಬೇಕು ಅನ್ನುವ ಲೆಕ್ಕ ಧೈರ್ಯದಿಂದ ಬರುವುದಿಲ್ಲ. ಅದನ್ನು ಕಲಿಯಬೇಕು. ಕಲಿತದ್ದನ್ನು ಮತ್ತೆ ಮತ್ತೆ ನೆನಪು ಮಾಡಿಕೊಳ್ಳಬೇಕು.

ಉರಿಯುವ ವಸ್ತುಗಳೇ ಈಗ ಬದಲಾಗಿವೆ. ಮೊದಲು ಮನೆಯಲ್ಲಿ ಹತ್ತಿ ಹಾಸಿಗೆ, ಮರದ ಕುರ್ಚಿ ಇರುತ್ತಿದ್ದವು. ಈಗ ಸೋಫಾ, ಹಾಸಿಗೆ ಎಲ್ಲಾ ಫೋಮ್. ಅದು ಹೊತ್ತಿದರೆ ಹೊಗೆಯಲ್ಲಿ ಸೈನೈಡ್ ಅನಿಲವೂ ಇರುತ್ತದೆ. ಮನೆ ಮೇಲೆ ಸೋಲಾರ್ ಪ್ಯಾನೆಲ್ ಬಂದಿದೆ. ಕೆಳಗೆ ಮೇನ್ ಸ್ವಿಚ್ ಆರಿಸಿದರೂ ಬಿಸಿಲಿದ್ದಷ್ಟು ಹೊತ್ತು ಪ್ಯಾನೆಲ್‌ನಿಂದ ಇಳಿಯುವ ತಂತಿಯಲ್ಲಿ ವಿದ್ಯುತ್ ಇದ್ದೇ ಇರುತ್ತದೆ. ಎಲೆಕ್ಟ್ರಿಕ್ ಸ್ಕೂಟರಿನ ಬ್ಯಾಟರಿಯಂತೂ ಆರಿತು ಅಂತ ಬೆನ್ನು ತಿರುಗಿಸಿದ ಮೇಲೆ ಮತ್ತೆ ಹೊತ್ತಿಕೊಳ್ಳಬಹುದು. 2005ರಲ್ಲಿ ತರಬೇತಿ ಮುಗಿಸಿದವರಿಗೆ ಇದನ್ನೆಲ್ಲ ಯಾರು ಹೇಳಿಕೊಡಬೇಕು? ಬೆಂಗಳೂರಿಗೆ 90 ಮೀಟರ್ ಏರುವ ಏಣಿ ವಾಹನ ಬಂದಿದೆ, ಸಂತೋಷ. ಅದನ್ನು ಎಲ್ಲಿ ನಿಲ್ಲಿಸಬೇಕು, ಗಾಳಿ ಜೋರಾದಾಗ ಏನು ಮಾಡಬೇಕು ಅಂತ ಗೊತ್ತಿಲ್ಲದಿದ್ದರೆ ಅದು ಗಣರಾಜ್ಯೋತ್ಸವದ ಮೆರವಣಿಗೆಗೆ ಮಾತ್ರ ಲಾಯಕ್ಕು.

ಅಧಿಕಾರಿಗಳ ವಿಷಯ ಇನ್ನೂ ಮುಖ್ಯ. ಬ್ರಾಂಚ್, ಅಂದರೆ ಪೈಪಿನ ತುದಿಯ ಮೂತಿ, ಹಿಡಿದು ನೀರು ಹೊಡೆಯುವುದು ಒಂದು ಕೆಲಸ. ಹೊರಗೆ ನಿಂತು ಯಾರನ್ನು ಒಳಗೆ ಕಳಿಸಬೇಕು, ಯಾವಾಗ ವಾಪಸ್ ಕರೆಯಬೇಕು ಅಂತ ತೀರ್ಮಾನಿಸುವುದು ಬೇರೆಯದೇ ಕೆಲಸ. ಬಿ.ಎ. ಸೆಟ್, ಅಂದರೆ ಉಸಿರಾಡಲು ಗಾಳಿಯ ಸಿಲಿಂಡರ್ ಮತ್ತು ಮಾಸ್ಕ್, ಹಾಕಿಕೊಂಡು ಒಳಗೆ ಹೋದವನ ಸಿಲಿಂಡರಿನಲ್ಲಿ ಗಾಳಿ ಕಡಿಮೆಯಾದಾಗ ವಿಷಲ್ ಹೊಡೆಯುತ್ತದೆ. ಆಗ ಹೊರಡು ಅಂದರೆ ತಡವಾದ ಹಾಗೆ. ಎಷ್ಟು ದೂರ ಹೋಗಿದ್ದಾನೆ, ಬರಲು ಎಷ್ಟು ಹೊತ್ತು ಬೇಕು ಅನ್ನುವ ಲೆಕ್ಕ ಹೊರಗಿನ ಅಧಿಕಾರಿಯ ತಲೆಯಲ್ಲಿ ಓಡುತ್ತಿರಬೇಕು. ನಾಗಪುರದ ರಾಷ್ಟ್ರೀಯ ಅಗ್ನಿಶಾಮಕ ಕಾಲೇಜು 1956ರಲ್ಲಿ ಶುರುವಾದದ್ದು. ಅಲ್ಲಿ ಸಬ್ ಆಫೀಸರ್, ಸ್ಟೇಷನ್ ಆಫೀಸರ್, ಡಿವಿಷನಲ್ ಆಫೀಸರ್ ಅಂತ ಬೇರೆ ಬೇರೆ ಕೋರ್ಸ್ ಇಟ್ಟಿರುವುದು ಸುಮ್ನೆ ಅಲ್ಲ. 2010ರ ಫೆಬ್ರವರಿಯಲ್ಲಿ ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್‌ನಲ್ಲಿ 9 ಜನ ಸತ್ತರು. ಉಸಿರು ಕಟ್ಟಿಸುವ ಹೊಗೆ ತಾಳಲಾರದೆ ಕೆಲವರು ಮೇಲಿನಿಂದ ಜಿಗಿದರು. ಅಂಥ ಕಟ್ಟಡದ ಕೆಳಗೆ ನಿಂತ ಅಧಿಕಾರಿಗೆ ಯೋಚಿಸಲು ಪುರಸೊತ್ತು ಇರುವುದಿಲ್ಲ. ಮೊದಲೇ ಯೋಚಿಸಿ, ಅಭ್ಯಾಸ ಮಾಡಿ ಇಟ್ಟುಕೊಂಡಿರಬೇಕು.

ಖರ್ಚು, ಸಿಬ್ಬಂದಿ ಕೊರತೆ ಅನ್ನುವ ಮಾತು ಬಂದೇ ಬರುತ್ತದೆ. ಬ್ಯಾಂಕಿನವರು ತರಬೇತಿಗೆ ಹೋಗುತ್ತಾರೆ, ಮೇಷ್ಟ್ರುಗಳು ಹೋಗುತ್ತಾರೆ, ಬ್ಯಾಂಕೂ ಶಾಲೆಯೂ ಮುಚ್ಚಿಲ್ಲ. "ಬೆಂಕಿಗೆ ನೀರು ಹಾಕೋಕೆ ಕ್ಲಾಸ್ ಯಾಕೆ ಬೇಕು" ಅನ್ನುವವರ ಜೊತೆ ನಾನು ವಾದ ಮಾಡುವುದಿಲ್ಲ. ಪರೀಕ್ಷೆಯನ್ನು ಬಡ್ತಿಗೆ ಜೋಡಿಸುವ ಬಗ್ಗೆ ಮಾತ್ರ ನನಗೂ ಸ್ವಲ್ಪ ಅನುಮಾನ ಇದೆ. ಆದರೆ ಸಂಪಾದಕರು ನನಗೆ ಕೊಟ್ಟಿರುವ ಜಾಗ "ಪರ". ಹಾಗಾಗಿ ಆ ಅನುಮಾನವನ್ನು ಇಲ್ಲಿ ಬೆಳೆಸುವುದಿಲ್ಲ.

ವಿರೋಧ
ನಿವೃತ್ತ ಅಗ್ನಿಶಾಮಕ ಠಾಣಾಧಿಕಾರಿ, ಹಾವೇರಿ ಜಿಲ್ಲೆ

ತರಬೇತಿ ಬೇಡ ಅಂತ ನಾನು ಬರೆದರೆ ನನ್ನ ಕೈಕೆಳಗೆ ದುಡಿದವರು ಬಿದ್ದು ಬಿದ್ದು ನಗುತ್ತಾರೆ. ಬೆಳಗಿನ ಡ್ರಿಲ್‌ಗೆ ತಡವಾಗಿ ಬಂದವರನ್ನು ಮೈದಾನ ಸುತ್ತಿಸಿದವನು ನಾನು. ಅಗ್ನಿಶಾಮಕರಿಗೆ ತರಬೇತಿ ಕೊಡುವ ಬನ್ನೇರುಘಟ್ಟದ ಆರ್.ಎ. ಮುಂಡ್ಕೂರ್ ಅಕಾಡೆಮಿ ಬಗ್ಗೆ ನನಗೆ ಗೌರವವೇ ಇದೆ. ಸೇವೆಗೆ ಸೇರುವವರು ಅಲ್ಲಿ ಕಲಿಯಲಿ, ಚೆನ್ನಾಗಿ ಕಲಿಯಲಿ. ಕೆಲಸ ಮಾಡುತ್ತಿರುವ ಠಾಣೆಯನ್ನು ಖಾಲಿ ಮಾಡಿ ಎಲ್ಲರನ್ನೂ ಸರದಿ ಪ್ರಕಾರ ಬಸ್ ಹತ್ತಿಸುವುದು, ಅದಕ್ಕೆ ಬಡ್ತಿಯನ್ನು ಗಂಟು ಹಾಕುವುದು, ಇದಕ್ಕೆ ನನ್ನ ವಿರೋಧ.

ತಾಲೂಕು ಠಾಣೆ ಅಂದರೆ ಏನು ಅಂತ ಬೆಂಗಳೂರಿನವರಿಗೆ ಹೇಳಬೇಕು. ಒಂದೋ ಎರಡೋ ಜಲವಾಹನ. ಪಾಳಿಯಲ್ಲಿ ವಾಹನಕ್ಕೊಬ್ಬ ಚಾಲಕ, ತಂಡದ ಮುಂದಾಳಾಗಿ ಒಬ್ಬ ಪ್ರಮುಖ ಅಗ್ನಿಶಾಮಕ, ನಾಲ್ಕೈದು ಜನ ಅಗ್ನಿಶಾಮಕರು. ಒಬ್ಬರು ರಜೆ, ಒಬ್ಬರಿಗೆ ಜ್ವರ, ಇನ್ನೊಬ್ಬರು ಬಂದೋಬಸ್ತಿಗೆ. ಅದರ ಮೇಲೆ ಇಬ್ಬರನ್ನು ತರಬೇತಿಗೆ ಕರೆದುಕೊಂಡರೆ ಎರಡನೇ ವಾಹನ ಶೆಡ್‌ನಲ್ಲೇ ನಿಲ್ಲುತ್ತದೆ. ಬ್ಯಾಂಕಿನಲ್ಲಿ ಒಬ್ಬರು ತರಬೇತಿಗೆ ಹೋದರೆ ಕ್ಯೂ ಉದ್ದವಾಗುತ್ತದೆ ಅಷ್ಟೇ, ಯಾರ ಮನೆಯೂ ಸುಡುವುದಿಲ್ಲ.

ಇನ್ನು ನಮಗೆ ಬರುವ ಕಾಲ್‌ಗಳು. ಸುಗ್ಗಿ ಮುಗಿದ ಮೇಲೆ ಮಳೆ ಬರುವ ತನಕ ಬಣವೆ, ಬಣವೆ, ಬಣವೆ. ಮಧ್ಯೆ ಕಬ್ಬಿನ ಗದ್ದೆ. ಹುಲ್ಲು ತುಂಬಿದ ಲಾರಿ ಕರೆಂಟ್ ತಂತಿಗೆ ತಗುಲಿ ಹೊತ್ತಿಕೊಳ್ಳುವುದು. ಬಾವಿಗೆ ಬಿದ್ದ ಎಮ್ಮೆ. ಬಣವೆಗೆ ನೀರು ಹೊಡೆದರೆ ಮೇಲಿನ ಹುಲ್ಲು ನೆನೆದು ನೀರೆಲ್ಲ ಜಾರಿ ಹೋಗುತ್ತದೆ, ಬೆಂಕಿ ಒಳಗೇ ಕೂತಿರುತ್ತದೆ. ಕೊಕ್ಕೆಯಿಂದ ಎಳೆದು, ಹರವಿ, ತುಳಿದು ಆರಿಸಬೇಕು. ಅರ್ಧ ದಿನ ಹೋದರೂ ಹೋಯಿತು. ಜಲವಾಹನದಲ್ಲಿ ಇರುವುದು 4,500 ಲೀಟರ್ ನೀರು, ಎರಡು ಬ್ರಾಂಚ್ ಬಿಟ್ಟರೆ ಹತ್ತು ನಿಮಿಷಕ್ಕೂ ಬಾರದು. ಮುಂದಿನ ನೀರು ಎಲ್ಲಿಂದ? ಮಾರ್ಚ್ ತಿಂಗಳಲ್ಲಿ ಯಾವ ಕೆರೆಯಲ್ಲಿ ಪಂಪಿಗೆ ಸಿಗುವಷ್ಟು ನೀರಿರುತ್ತದೆ, ಯಾರ ಬೋರ್‌ವೆಲ್ ಚೆನ್ನಾಗಿ ಓಡುತ್ತದೆ, ಯಾವ ಓಣಿಯಲ್ಲಿ ವಾಹನ ತಿರುಗುವುದಿಲ್ಲ, ಇದು ನಮ್ಮ ಚಾಲಕನಿಗೆ ಗೊತ್ತು. ಅಕಾಡೆಮಿಯ ಯಾವ ಮೇಷ್ಟ್ರಿಗೂ ಗೊತ್ತಿಲ್ಲ.

ಒಂದು ಕಾಲ್ ಬಗ್ಗೆ ಹೇಳಲೇಬೇಕು. ಬ್ಯಾಡಗಿ ಮೆಣಸಿನಕಾಯಿ ಎಲ್ಲರಿಗೂ ಗೊತ್ತು. ಆ ಸೀಮೆಯಲ್ಲಿ ಮೆಣಸಿನಕಾಯಿ ತುಂಬಿದ ಗೋದಾಮಿಗೆ ಬೆಂಕಿ ಬಿದ್ದರೆ ಹೇಗಿರುತ್ತದೆ ಅಂತ ಊಹಿಸಿಕೊಳ್ಳಿ. ಅಡುಗೆಮನೆಯಲ್ಲಿ ಒಗ್ಗರಣೆಗೆ ಎರಡು ಕಾಯಿ ಸೀದರೆ ಮನೆಮಂದಿ ಹೊರಗೆ ಓಡುತ್ತಾರೆ. ಇಲ್ಲಿ ಮೂಟೆ ಮೂಟೆ. ನಾವು ಹೋದಾಗ ರಾತ್ರಿ. ಅರ್ಧ ಕಿಲೋಮೀಟರ್ ಮೊದಲೇ ವಾಹನದೊಳಗೆ ಎಲ್ಲರಿಗೂ ಕೆಮ್ಮು. ಹಮಾಲರು ಒದ್ದೆ ಟವೆಲ್ ಮುಖಕ್ಕೆ ಸುತ್ತಿಕೊಂಡು ದೂರ ನಿಂತಿದ್ದರು.

ನಾನು ಆಗ ಹೊಸದಾಗಿ ಬಂದ ಅಧಿಕಾರಿ. ವಿಜ್ಞಾನ ಪದವಿ, ತರಬೇತಿ, ಸರ್ಟಿಫಿಕೇಟ್ ಎಲ್ಲಾ ಇತ್ತು. ಜೊತೆಗಿದ್ದ ಪ್ರಮುಖ ಅಗ್ನಿಶಾಮಕರು ವಯಸ್ಸಿನಲ್ಲಿ ನನಗಿಂತ ತುಂಬಾ ದೊಡ್ಡವರು. ಎಸ್‌ಎಸ್‌ಎಲ್‌ಸಿ ಓದಿ ಸೇರಿದವರು. ನಾನು ಶಟರ್ ಕಡೆ ಹೊರಟೆ. ಅವರು ತೋಳು ಹಿಡಿದರು.

"ಸಾಹೇಬ್ರ, ಶಟರ್ ಎತ್ತಬ್ಯಾಡ್ರಿ. ಮೊದಲ ಅದರ ಮ್ಯಾಲ ನೀರ ಹೊಡಸ್ರಿ. ಎಲ್ಲಿ ಲಗೂನ ಆರ್ತೈತಿ ನೋಡ್ರಿ."

ಹೊಡೆಸಿದೆವು. ಎಡಗಡೆ ನೀರು ಹಾಗೇ ಇಳಿಯಿತು. ಬಲಗಡೆ ನನ್ನ ಎದೆ ಎತ್ತರದ ಮೇಲೆ ಹೊಗೆಯಾಡಿ ಆರಿಹೋಯಿತು. ಬೆಂಕಿ ಎಲ್ಲಿದೆ, ಎಷ್ಟು ಎತ್ತರದಿಂದ ಕಾವು ಶುರುವಾಗಿದೆ, ಎರಡೂ ಗೊತ್ತಾಯಿತು. ಆ ಶಟರ್ ಎತ್ತಿದ್ದರೆ ಹೊರಗಿನ ಗಾಳಿ ಒಳನುಗ್ಗಿ ಬೆಂಕಿ ನಮ್ಮ ಮುಖಕ್ಕೇ ಬರುತ್ತಿತ್ತು. ಹಿಂದಿನಿಂದ ಏಣಿ ಹಾಕಿ ಛಾವಣಿಯ ಶೀಟ್ ಬಿಚ್ಚಿ, ಹೊಗೆಗೆ ಮೇಲೆ ದಾರಿ ಮಾಡಿ, ಎಡಗಡೆಯ ಸಣ್ಣ ಬಾಗಿಲಿನಿಂದ ಒಳಗೆ ಹೋದೆವು. ನಮ್ಮ ಹತ್ತಿರ ಇದ್ದದ್ದು ಎರಡೇ ಬಿ.ಎ. ಸೆಟ್. ಇಬ್ಬರು ಹೋಗಬೇಕು, ಬರಬೇಕು, ಬೆವರಿದ ಮಾಸ್ಕನ್ನೇ ಒರೆಸಿ ಮುಂದಿನ ಇಬ್ಬರು ಹಾಕಿಕೊಳ್ಳಬೇಕು. ಇಷ್ಟರ ನಡುವೆ ಮಾಲೀಕರು ಬಂದು ಕೈಮುಗಿದರು. "ನೀರು ಕಮ್ಮಿ ಹೊಡೀರಿ ಸಾಹೇಬ್ರ, ತೊಯ್ದ ಕಾಯಿ ಯಾರೂ ತಗೊಳ್ಳಂಗಿಲ್ಲ." ಅವರ ವರ್ಷದ ಬದುಕು ಒಳಗಿತ್ತು. ಅವರನ್ನೂ ಸಮಾಧಾನ ಮಾಡಿದ್ದು ಆ ಹಿರಿಯರೇ. ಯಾವ ಸಾಲಿನ ಮೂಟೆ ಹೊರಗೆ ಎಳೆದರೆ ಉಳಿಯುತ್ತದೆ ಅಂತ ಹಮಾಲರ ಜೊತೆ ನಿಂತು ತೋರಿಸಿದರು. ಬೆಳಗಾಗುವ ಹೊತ್ತಿಗೆ ಅರ್ಧಕ್ಕಿಂತ ಜಾಸ್ತಿ ಮಾಲು ರಸ್ತೆಯಲ್ಲಿತ್ತು. ನನ್ನ ಯೂನಿಫಾರ್ಮನ್ನು ಮನೆಯವಳು ಒಳಗೆ ಬಿಟ್ಟುಕೊಳ್ಳಲಿಲ್ಲ, ಅಂಗಳದಲ್ಲೇ ಬಿಚ್ಚಿಸಿದಳು.

ಶಟರ್ ಮೇಲೆ ನೀರು ಹೊಡೆಯುವುದು ಪುಸ್ತಕದಲ್ಲೂ ಇದೆಯಲ್ಲ ಅಂತ ಯಾರಾದರೂ ಕೇಳಬಹುದು. ಇರಬಹುದು. ಆ ರಾತ್ರಿ ನನ್ನ ತೋಳು ಹಿಡಿದದ್ದು ಪುಸ್ತಕ ಅಲ್ಲ.

ಈಗ ಹೊಸ ನಿಯಮ ಬಂತು ಅಂದುಕೊಳ್ಳಿ. ಆ ಹಿರಿಯರನ್ನು ಐವತ್ತು ದಾಟಿದ ಮೇಲೆ ಬೆಂಗಳೂರಿಗೆ ಕಳಿಸಿ, ಬೆಂಚಿನ ಮೇಲೆ ಕೂರಿಸಿ, ಬೆಂಕಿ ಆರಿಸುವ ನೊರೆಯಲ್ಲಿ (ಫೋಮ್) ಎಷ್ಟು ವಿಧ ಅಂತ ಬರೆಸುತ್ತೀರಿ. ಅವರು ಫೇಲಾಗುತ್ತಾರೆ, ನಾನು ಬರೆದು ಕೊಡುತ್ತೇನೆ. ನೆನಪಿನ ಶಕ್ತಿ ಚೆನ್ನಾಗಿರುವ ಹುಡುಗ ಪಾಸಾಗಿ ಅವರ ಮೇಲಿನ ಹುದ್ದೆಗೆ ಬರುತ್ತಾನೆ. ಮುಂದಿನ ಗೋದಾಮಿನಲ್ಲಿ ಶಟರ್ ಎತ್ತುವವನು ಅವನೇ. ಪರೀಕ್ಷೆ ಬಂದಲ್ಲಿ ಗೈಡ್ ಬರುತ್ತದೆ, ಗೈಡ್ ಬಂದಲ್ಲಿ ಕೋಚಿಂಗ್ ಬರುತ್ತದೆ. ಬೆಂಕಿ ಆರಿಸಲೂ ಕೋಚಿಂಗ್ ಸೆಂಟರ್ ನೋಡುವ ಭಾಗ್ಯ ನಮ್ಮದಾಗಬಹುದು.

ಪರವಾಗಿ ಬರೆದವರ ಲೇಖನವನ್ನು ಸಂಪಾದಕರು ತೋರಿಸಿದರು. ಮುಂಬೈ ಹಡಗಿನ ಉದಾಹರಣೆ ಕೊಟ್ಟಿದ್ದಾರೆ. ಸ್ಫೋಟಕ ಇರುವ ಹಡಗು ಏರಿಸಬೇಕಾದ ಕೆಂಪು ಬಾವುಟವನ್ನೇ ಆ ಹಡಗು ಏರಿಸಿರಲಿಲ್ಲ. ಬಾವುಟ ಏರಿಸದವರ ತಪ್ಪಿಗೆ ಅಗ್ನಿಶಾಮಕರನ್ನು ಕ್ಲಾಸಿಗೆ ಕೂರಿಸುವುದು ಯಾವ ನ್ಯಾಯ? ಸೋಲಾರ್, ಎಲೆಕ್ಟ್ರಿಕ್ ಬ್ಯಾಟರಿ ವಿಷಯವನ್ನೂ ಬರೆದಿದ್ದಾರೆ. ಒಳ್ಳೆಯದೇ. ಅದಕ್ಕೆ ಎರಡು ಪುಟದ ಸುತ್ತೋಲೆ ಕಳಿಸಿ, ರೋಲ್‌ಕಾಲ್‌ನಲ್ಲಿ ಓದಿಸಿದರೆ ಸಾಕು. ಇನ್ನು 90 ಮೀಟರ್ ಏಣಿ. ನಮ್ಮ ತಾಲೂಕಿನಲ್ಲಿ ಅಷ್ಟು ಎತ್ತರ ಇರುವುದು ಮೊಬೈಲ್ ಟವರೂ ಅಲ್ಲ.

ಕಲಿಸಲೇಬೇಕು ಅಂದರೆ ಕಲಿಸುವವರು ಬರಲಿ. ಅಕಾಡೆಮಿಯ ಬೋಧಕರನ್ನು ಒಂದೊಂದು ಠಾಣೆಗೆ ಒಂದೊಂದು ವಾರ ಕಳಿಸಿ. ಬೆಳಿಗ್ಗೆ ನಮ್ಮ ಹುಡುಗರಿಗೆ ಡ್ರಿಲ್ ಕೊಡಲಿ, ಕಾಲ್ ಬಂದರೆ ಜೊತೆಗೇ ವಾಹನ ಹತ್ತಿ ಹೊರಡಲಿ, ಬಣವೆ ಎಳೆಯಲಿ. ಪಾಠಕ್ಕೆ ಬೇಕಾದ ಬೆಂಕಿಯನ್ನು ನಾವೇ ಒದಗಿಸುತ್ತೇವೆ. ಬಸ್ ಚಾರ್ಜಿನಲ್ಲಿ ಉಳಿಯುವ ದುಡ್ಡಿಗೆ ಇನ್ನೆರಡು ಬಿ.ಎ. ಸೆಟ್ ಕೊಡಿಸಿ. ಊಟ, ವಸತಿ ಠಾಣೆಯವರು ನೋಡಿಕೊಳ್ಳುತ್ತಾರೆ. ಫೆಬ್ರವರಿ, ಮಾರ್ಚ್‌ನಲ್ಲಿ ಬಂದರೆ ಒಳ್ಳೆಯದು, ಆಗ ಗೋದಾಮುಗಳೆಲ್ಲ ತುಂಬಿರುತ್ತವೆ.