ತೊಟ್ಟಿಯಲ್ಲಿ ಗುಳ್ಳೆ ಏಳುತ್ತಿದ್ದರೆ ಕಿಟಕಿ ತೆರೆದರೆ ಸಾಲದು

ಮನೆಯಲ್ಲೇ ಎಲೆಕ್ಟ್ರಾಲಿಸಿಸ್ ಮಾಡಿ, ಅಂದರೆ ದ್ರಾವಣದಲ್ಲಿ ಕರೆಂಟ್ ಹರಿಸಿ, ತಾಮ್ರ ಶುದ್ಧ ಮಾಡುವವರು ಗಾಳಿಯ ವಿಚಾರ ಎತ್ತಿದರೆ ಸಿಗುವ ಉತ್ತರ ಒಂದೇ, "ಕಿಟಕಿ ತೆಗೆದಿಡಿ, ಸಾಕು." ಈ ಮಾತು ಕೇಳಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ತೊಟ್ಟಿಯಿಂದ ಗ್ಯಾಸ್ ಬರುತ್ತಿರುವುದು ಯಾಕೆ ಅಂತ ಮೊದಲು ಕೇಳಬೇಕು ಅಲ್ವಾ?

ತೊಟ್ಟಿಯಲ್ಲಿರುವುದು ಮೈಲುತುತ್ತ ಮತ್ತು ಸಲ್ಫ್ಯೂರಿಕ್ ಆಸಿಡ್ ಬೆರೆಸಿದ ನೀರು. ಆನೋಡ್‌ಗೆ (ಪ್ಲಸ್ ತಂತಿಯ ಕಡೆ) ಕಚ್ಚಾ ತಾಮ್ರ, ಕ್ಯಾಥೋಡ್‌ಗೆ (ಮೈನಸ್ ತಂತಿಯ ಕಡೆ) ಶುದ್ಧ ತಾಮ್ರದ ತಗಡು. ಕೆಲಸ ಸರಿಯಾಗಿ ನಡೆದರೆ ಆನೋಡ್‌ನಲ್ಲಿ ಕರಗಿದ ತಾಮ್ರ ಕ್ಯಾಥೋಡ್‌ಗೆ ಹೋಗಿ ಕೂರುತ್ತದೆ, ಗ್ಯಾಸ್ ಹೆಚ್ಚುಕಡಿಮೆ ಹುಟ್ಟುವುದೇ ಇಲ್ಲ. ಕಾರ್ಖಾನೆಯಲ್ಲಿ ಒಂದು ತೊಟ್ಟಿಗೆ ಕೊಡುವುದು ಸುಮಾರು 0.3 ವೋಲ್ಟ್. ಮನೆಯಲ್ಲಿ ಮಾಡುವ ಎಷ್ಟೋ ಜನ 12 ವೋಲ್ಟಿನ ಬ್ಯಾಟರಿ ಚಾರ್ಜರನ್ನು ನೇರವಾಗಿ ಸಿಕ್ಕಿಸಿಬಿಡುತ್ತಾರೆ.

ಕಾರಣ ಆತುರ. 1 ಆಂಪಿಯರ್ ಕರೆಂಟ್ ಒಂದು ಗಂಟೆ ಹರಿದರೆ ಕೂರುವುದು ಹತ್ತಿರಹತ್ತಿರ 1.2 ಗ್ರಾಂ ತಾಮ್ರ. 2 ಆಂಪಿಯರ್‌ನಲ್ಲಿ ಒಂದು ಕಿಲೋಗೆ 17 ದಿನಕ್ಕಿಂತ ಜಾಸ್ತಿ ಬೇಕು. ಅಷ್ಟು ಕಾಯಲಾರದೆ ವೋಲ್ಟೇಜ್ ಏರಿಸುತ್ತಾರೆ. ಆಗ ನೀರೇ ಒಡೆದು ಕ್ಯಾಥೋಡ್‌ನಲ್ಲಿ ಹೈಡ್ರೋಜನ್, ಆನೋಡ್‌ನಲ್ಲಿ ಆಕ್ಸಿಜನ್ ಏಳುತ್ತದೆ. ಒಂದೊಂದು ಗುಳ್ಳೆ ಒಡೆದಾಗಲೂ ಆಸಿಡ್‌ನ ಸಣ್ಣ ಸಣ್ಣ ಹನಿ ಗಾಳಿಗೆ ಸಿಡಿಯುತ್ತದೆ. ಕಣ್ಣಿಗೆ ಕಾಣದಿದ್ದರೂ ಗಂಟಲು ಕೆರೆಯುತ್ತದೆ, ಕೆಮ್ಮು ಬರುತ್ತದೆ. ಅದೇ ಕೋಣೆಯಲ್ಲಿಟ್ಟ ಇಕ್ಕಳ, ಸ್ಕ್ರೂಡ್ರೈವರ್ ನೋಡಿ, ಬೇಗ ತುಕ್ಕು ಹಿಡಿದಿರುತ್ತವೆ. ಆ ಗಾಳಿಯನ್ನೇ ನೀವೂ ಉಸಿರಾಡುತ್ತಿದ್ದೀರಿ.

ಸಿಡಿಯುತ್ತದೆ ಅಂತ ಗಾಳಿ ಆಡದ ಹಾಗೆ ಮುಚ್ಚಳ ಬಿಗಿಯುವುದು ಇನ್ನೂ ಅಪಾಯ. ಹೈಡ್ರೋಜನ್ ಗಾಳಿಯಲ್ಲಿ ಶೇಕಡಾ 4ರಷ್ಟು ಸೇರಿದರೂ ಹೊತ್ತಿಕೊಳ್ಳಬಲ್ಲದು. ಕರೆಂಟ್ ಹರಿಯುತ್ತಿರುವಾಗ ತಂತಿಯ ಕ್ಲಿಪ್ ಕಿತ್ತರೆ ಹಾರುವ ಒಂದು ಕಿಡಿ ಸಾಕು. ಮೊದಲು ಸ್ವಿಚ್ ಆರಿಸಿ, ಆಮೇಲೆ ಕ್ಲಿಪ್ ಮುಟ್ಟಿ. ಟೇಬಲ್ ಫ್ಯಾನ್ ತೊಟ್ಟಿಯ ಕಡೆ ತಿರುಗಿಸಿಟ್ಟರೆ ಆಸಿಡ್ ಹನಿ ಮನೆಯೆಲ್ಲ ಹರಡುತ್ತದೆ, ಅಷ್ಟೇ. ಗಾಳಿ ನಿಮ್ಮ ಬೆನ್ನ ಹಿಂದಿನಿಂದ ಬಂದು, ತೊಟ್ಟಿ ದಾಟಿ, ಹೊರಗೆ ಹೋಗಬೇಕು.

ಆಸಿಡ್ ಬೇಡ ಅಂತ ಉಪ್ಪುನೀರು ಬಳಸುವವರೂ ಇದ್ದಾರೆ. ದಯವಿಟ್ಟು ಬೇಡ. ವೋಲ್ಟೇಜ್ ಜಾಸ್ತಿಯಾದರೆ ಕ್ಲೋರಿನ್ ಎಂಬ ವಿಷದ ಗ್ಯಾಸ್ ಬರಬಹುದು. ಅದು ಗಾಳಿಗಿಂತ ಭಾರ, ನೆಲದ ಮಟ್ಟದಲ್ಲೇ ನಿಲ್ಲುತ್ತದೆ. ಮೇಲೆ ಕಿಟಕಿ ತೆರೆದಿದ್ದರೂ ಕೆಳಗೆ ಆಡುವ ಮಗುವಿಗೆ ಏನು ಉಪಯೋಗ?

ನನಗೆ ಎಲ್ಲಕ್ಕಿಂತ ಭಯ ಎಲ್ಲಿಂದಲೋ ತಂದ ಗುಜರಿ ತಾಮ್ರದ್ದು. ಬೆಸುಗೆಯ ಸೀಸ ತಳದ ಕೆಸರಿನಲ್ಲಿ ಸೇರುತ್ತದೆ. ಆ ಕೆಸರನ್ನು ಒಣಗಿಸಿ ಪುಡಿ ಏಳಿಸಬೇಡಿ, ಒದ್ದೆಯಾಗಿಯೇ ಡಬ್ಬಿಗೆ ತುಂಬಿ. ತಾಮ್ರದಲ್ಲಿ ಆರ್ಸೆನಿಕ್ ಇದ್ದು, ಹೈಡ್ರೋಜನ್ ಏಳುತ್ತಿದ್ದರೆ, ಆರ್ಸೈನ್ ಎಂಬ ಗ್ಯಾಸ್ ಹುಟ್ಟಬಹುದು. ಅದು ರಕ್ತದ ಕೆಂಪು ಕಣಗಳನ್ನೇ ಒಡೆಯುತ್ತದೆ. ವಾಸನೆಯಿಂದ ಗೊತ್ತಾಗುತ್ತೆ ಅಂತ ನೆಚ್ಚಿಕೊಳ್ಳುವ ಹಾಗಿಲ್ಲ. ಏನು ಬೆರೆತಿದೆ ಅಂತ ಗೊತ್ತಿಲ್ಲದ ಲೋಹವನ್ನು ಮನೆಯ ತೊಟ್ಟಿಗೆ ಇಳಿಸಲೇಬಾರದು ಅನ್ನುವುದು ನನ್ನ ಖಚಿತ ಅಭಿಪ್ರಾಯ.

ಹಾಗಾಗಿ ವೋಲ್ಟೇಜ್ ಮತ್ತು ಕರೆಂಟ್ ಎರಡನ್ನೂ ಕಡಿಮೆ ಮಾಡಲು ಬರುವ ಪವರ್ ಸಪ್ಲೈ ತಗೊಳ್ಳಿ. ಗುಳ್ಳೆ ನಿಲ್ಲುವ ತನಕ ಇಳಿಸಿ. ತೊಟ್ಟಿ ಮನೆಯ ಹೊರಗೆ, ಮಳೆ ಬೀಳದ ಕಡೆ, ಮಕ್ಕಳ ಕೈಗೆ ಸಿಗದ ಹಾಗೆ ಇರಲಿ. ಉಳಿದ ನೀಲಿ ನೀರನ್ನು ಚರಂಡಿಗೆ ಸುರಿಯಬೇಡಿ, ಕರಗಿದ ತಾಮ್ರ ಸ್ವಲ್ಪವೇ ಇದ್ದರೂ ಮೀನು ಸಾಯುತ್ತವೆ.