ಉಚಿತ ಕಿಟ್‌ಗಿಂತ ವಿಮೆಯ ಸಾಲು ನೋಡಿ

ಹೊಸ ಕಾರು ಕೊಳ್ಳುವಾಗ ಚೌಕಾಸಿ ಮಾಡುವ ಬಗೆಯನ್ನು ಹೇಳುವ ಲೇಖನವೊಂದರಲ್ಲಿ, ನಗದು ರಿಯಾಯಿತಿ ಸಿಗದಿದ್ದರೆ ಆಕ್ಸೆಸರೀಸ್ ಉಚಿತವಾಗಿ ಕೇಳಿ ಎಂದಿದೆ. ದಯವಿಟ್ಟು ಹಾಗೆ ಮಾಡಬೇಡಿ. ಆ ಕಿಟ್‌ನ ಮ್ಯಾಟ್, ಮಡ್ ಫ್ಲ್ಯಾಪ್, ಬಾಡಿ ಕವರ್‌ಗೆ ಬೆಲೆ ಕಟ್ಟುವವರು ಶೋರೂಮಿನವರೇ.

ದೊಡ್ಡ ದುಡ್ಡು ಇರುವುದು ವಿಮೆಯಲ್ಲಿ. ಹೊಸ ಕಾರಿಗೆ ಥರ್ಡ್ ಪಾರ್ಟಿ (ಬೇರೆಯವರಿಗೆ ಆಗುವ ಹಾನಿಯ ವಿಮೆ) 3 ವರ್ಷ ಕಡ್ಡಾಯ, ಓನ್ ಡ್ಯಾಮೇಜ್ (ನಿಮ್ಮ ಕಾರಿನ ಹಾನಿಯ ವಿಮೆ) 1 ವರ್ಷ ಸಾಕು. ಡೀಲರ್ ಹತ್ತಿರವೇ ಮಾಡಿಸಬೇಕೆಂಬ ನಿಯಮವಿಲ್ಲ. ಹೊರಗಿನ ಕೊಟೇಶನ್ ತರುವಾಗ ಐಡಿವಿ (ಕಾರು ಕಳವಾದರೆ ಅಥವಾ ಪೂರ್ತಿ ಹಾಳಾದರೆ ಸಿಗುವ ಗರಿಷ್ಠ ಮೊತ್ತ), ಝೀರೋ ಡೆಪ್ (ಬಿಡಿಭಾಗಗಳ ಸವಕಳಿ ಕಳೆಯದೆ ಪರಿಹಾರ ಕೊಡುವ ಆಯ್ಕೆ), ಎಂಜಿನ್ ಪ್ರೊಟೆಕ್ಟ್ (ಎಂಜಿನ್ ಹಾನಿಗೆ ರಕ್ಷಣೆ) ಎಲ್ಲ ಎರಡೂ ಕೊಟೇಶನ್‌ನಲ್ಲಿ ಒಂದೇ ಇರಲಿ. ಐಡಿವಿ ಇಳಿಸಿದರೆ ಪ್ರೀಮಿಯಂ ಕಡಿಮೆ ಕಾಣುತ್ತದೆ, ಕಾರು ಕಳವಾದಾಗ ಪೆಟ್ಟು ನಿಮಗೇ. ಪಾಲಿಸಿಗೆ ಚಾಸಿ, ಎಂಜಿನ್ ನಂಬರ್ ಬೇಕು. ಆ ನಂಬರ್‌ಗಳನ್ನು ಬಿಲ್ ಆಗುವ ಮೊದಲೇ ಡೀಲರ್ ಹತ್ತಿರ ಬರಹದಲ್ಲಿ ಕೇಳಿ. ಬಹಳ ಸಲ ಅಷ್ಟಕ್ಕೇ ಅವರೇ ವಿಮೆಯ ಬೆಲೆ ಇಳಿಸುತ್ತಾರೆ.

ಅಂಡರ್‌ಬಾಡಿ ಕೋಟಿಂಗ್ (ತುಕ್ಕು ತಡೆಯಲೆಂದು ಕಾರಿನ ಅಡಿಭಾಗಕ್ಕೆ ಹೊಡೆಯುವ ಲೇಪ) ಬೇಡ ಅನ್ನಿ. ಬಾಗಿಲಿನ ಕೆಳ ಅಂಚಿನಲ್ಲಿ ನೀರು ಇಳಿಯಲು ಸಣ್ಣ ತೂತುಗಳಿರುತ್ತವೆ. ಅಜಾಗರೂಕತೆಯಿಂದ ಸ್ಪ್ರೇ ಹೊಡೆದರೆ ಅವು ಮುಚ್ಚಿ, ನೀರು ಒಳಗೇ ನಿಂತು ತುಕ್ಕು ಹಿಡಿಯುತ್ತದೆ. ಕಾರನ್ನು ಗೋದಾಮಿನಿಂದ ಶೋರೂಮಿಗೆ ತಂದ ಖರ್ಚೆಂದು ಬಿಲ್‌ಗೆ ಸೇರಿಸುವ ‘ಹ್ಯಾಂಡ್ಲಿಂಗ್ ಚಾರ್ಜ್’ ಸಾಲನ್ನಂತೂ ಹೊಡೆದುಹಾಕಿಸಿ.

10 ಲಕ್ಷ ಮೀರಿದ ಕಾರಿನ 1% ಟಿಸಿಎಸ್ (ಮಾರುವವರು ಮುಂಚಿತವಾಗಿ ವಸೂಲಿ ಮಾಡುವ ತೆರಿಗೆ) ಬಗ್ಗೆ ಜಗಳ ಬೇಡ, ಅದು ಆದಾಯ ತೆರಿಗೆ ರಿಟರ್ನ್‌ನಲ್ಲಿ ನಿಮ್ಮ ಲೆಕ್ಕಕ್ಕೇ ಜಮಾ.